ಮಗ್ಗದ ಪ್ಲೇಟಿಗೆ ವನ್ಸ್ ಮೋರ್

೧

ಎಲ್ಲಿಂದ ಶುರು ಮಾಡಲಿ? ಪ್ಲೇಟಿನ ಹೊರ ಅಂಚಿನಿಂದ ಮಾಡು ಅನ್ನುತ್ತೀರಿ. ಗ್ರಾಮಾಫೋನಿನ ಮುಳ್ಳನ್ನು ಎಲ್ಲರೂ ಅಲ್ಲಿಂದಲೇ ಇಡುವುದು, ಒಪ್ಪಿದೆ. ಆದರೆ ಈ ಪ್ಲೇಟನ್ನು ಅಂಚಿನಿಂದ ಕೇಳಿದವರಿಗೆ ಅದು ಶುರುವಾದದ್ದೇ ಗೊತ್ತಾಗಲಿಲ್ಲ. ಅದೇ ಇದರ ಗಮ್ಮತ್ತು. ಅದನ್ನು ಈಗಲೇ ಹೇಳಿಬಿಟ್ಟೆನಲ್ಲ, ಛೇ.

ಮೊದಲ ಡ್ರಾಫ್ಟು ಗಜೇಂದ್ರಗಡದ ಕೋಟೆಯ ಮೇಲೆ ಸೂರ್ಯ ಮೂಡುವುದರಿಂದ ಶುರುವಾಗಿತ್ತು. ಹರಿದು ಹಾಕಿದೆ. ಅಲ್ಲಿ ಸೂರ್ಯ ನನ್ನ ಸಹಾಯವಿಲ್ಲದೆ ದಿನವೂ ಮೂಡುತ್ತಾನೆ. ಎರಡನೇ ಡ್ರಾಫ್ಟು ನಬೀಸಾಬನ ಅಜ್ಜನಿಂದ ಶುರುವಾಯಿತು. ಮೂರು ಪುಟ ಕಳೆದರೂ ಅಜ್ಜನ ಲಗ್ನವೇ ಮುಗಿಯಲಿಲ್ಲ, ಅದನ್ನೂ ಬಿಟ್ಟೆ.

ಇದು ಮೂರನೆಯದು. ಮೊನ್ನೆ ಮೊಬೈಲಿನಲ್ಲಿ ಒಂದು ಸೈಕೆಡೆಲಿಕ್ ರಾಕ್ ಆಲ್ಬಂ ಕೇಳಿದೆ. ನಿಜ ಹೇಳಬೇಕೆಂದರೆ ಹಾಡಿಗಿಂತ ಅದರ ಕೆಳಗಿದ್ದ ಕೇಳುಗರ ಅಭಿಪ್ರಾಯಗಳನ್ನೇ ಹೆಚ್ಚು ಓದಿದೆ. ಒಬ್ಬನಿಗೆ ಅದು ಸ್ವರ್ಗ. ಇನ್ನೊಬ್ಬನಿಗೆ ಮಿಕ್ಸರ್ ಒಳಗೆ ಚಮಚ ಬಿದ್ದ ಸದ್ದು. ಮೂರನೆಯವನು 'ನನಗೇನೂ ಅರ್ಥವಾಗಲಿಲ್ಲ, ನಾಲ್ಕು ಸಲ ಕೇಳಿದೆ' ಎಂದು ಬರೆದಿದ್ದ. ಆ ಮೂರನೆಯವನನ್ನು ಓದಿ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಇದೇ ಮಾತಿಗಾಗಿ ಒಂದು ಮಧ್ಯಾಹ್ನ ಗಜೇಂದ್ರಗಡದಲ್ಲಿ ಒಬ್ಬ ಹೆಂಗಸು ಗೋಡೆಗೆ ಕಿವಿಯಿಟ್ಟು ನಿಂತಿದ್ದಳು.

೨

ಇಸವಿ ೧೯೫೬. ಅಥವಾ ೫೭. (ಕರ್ನಾಟಕ ಒಂದಾಗಿತ್ತೋ, ಆಗುವುದರಲ್ಲಿತ್ತೋ ಎಂದು ನನ್ನ ಪಾತ್ರಗಳನ್ನು ಕೇಳಿದೆ. ಅವರು ನೂಲಿನ ಧಾರಣೆ ಹೇಳಿದರು.) ಸೈಕೆಡೆಲಿಕ್ ಎಂಬ ಶಬ್ದ ಆಗ ದೂರದಲ್ಲೆಲ್ಲೋ ಹುಟ್ಟುತ್ತಿತ್ತಂತೆ. ಹುಟ್ಟಿದ್ದರೂ ಗಜೇಂದ್ರಗಡದ ಬಸ್ಸು ಅದಕ್ಕೆ ಸಿಕ್ಕಿರಲಿಲ್ಲ.

ನಬೀಸಾಬ ಸನಾದಿ ಊದುವವನು. ಮದುವೆಗಳಲ್ಲಿ ಊದುತ್ತಿದ್ದ, ಮದುವೆ ಇಲ್ಲದ ತಿಂಗಳಲ್ಲಿ ಊರ ಹೊರಗಿನ ಟೂರಿಂಗ್ ಟಾಕೀಜಿನ ಮೈಕಿನಲ್ಲಿ ಊದುತ್ತಿದ್ದ. ಒಂದು ಸಂಜೆ ಮೈಕು ಕೈಜಾರಿ ಭೋಂಗಾದ (ಲೌಡ್‌ಸ್ಪೀಕರಿನ ತುತ್ತೂರಿಯ) ಬಾಯಿಗೆ ಹೋಯಿತು. ಭೋಂಗಾ ಕಿರುಚಿತು. ಎಲ್ಲರೂ ಕಿವಿ ಮುಚ್ಚಿಕೊಂಡರು. ನಬೀಸಾಬ ಸನಾದಿ ಎತ್ತಿ ಆ ಕಿರುಚಿಗೆ ಸರಿಯಾಗಿ ಒಂದು ಸ್ವರ ಹಿಡಿದ. ಕಿರುಚು ಬಾಗಿತು, ತಿರುಗಿತು, ಅವನ ಸ್ವರವನ್ನು ಹಿಂಬಾಲಿಸಿತು. ಅಂದಿನಿಂದ ಅವನಿಗೆ ಊಟ ಸೇರಲಿಲ್ಲ.

ಅವನ ಹೆಂಡತಿ ಕಾಶೀಂಬಿ ನೇಕಾರ್ತಿ. ಮನೆಯ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದಳು. 'ತಾಳಾ ಬೇಕಲ್ಲ ನಿನಗ? ನಾ ಹೊಡೀತೀನಿ, ನೀ ಊದು' ಅಂದಳು. ಹುಬ್ಬಳ್ಳಿಯ ಪ್ಲೇಟಿನ ಕಂಪನಿಯೊಂದರ ಏಜೆಂಟ್ ವಾಸುದೇವ ರೆಕಾರ್ಡಿಂಗ್ ಮೆಷಿನ್ನು ತಂದ. ಟಾಕೀಜಿನವರು ಇಂಜಿನ್ನು, ಭೋಂಗಾ ಕೊಟ್ಟರು. ಅಮಾವಾಸ್ಯೆಯಂದು ಓಣಿಯ ಮಗ್ಗಗಳಿಗೆ ರಜೆ, ಜನರೆಲ್ಲ ಇಟಗಿ ಭೀಮವ್ವನ ದರ್ಶನಕ್ಕೆ ಹೋಗಿದ್ದರು. ಆ ಖಾಲಿ ಓಣಿಯಲ್ಲಿ, ಕಾಶೀಂಬಿಯ ಮಗ್ಗದ ಮೇಲೆ ಮೈಕು ತೂಗುಹಾಕಿ, ಇವರು ಒಂದೇ ಪ್ಲೇಟು ತುಂಬಿದರು.

ನಡುವೆ ಒಂದು ಎಳೆ ಹರಿಯಿತು.

೩

ಈಗ ನಿಮಗೆ ಆ ಓಣಿಯ ಒಂದು ರೂಢಿ ಹೇಳಬೇಕು. (ಕಥೆಯ ನಡುವೆ ಮಾಹಿತಿ ತುರುಕುವವರನ್ನು ಕಂಡರೆ ನನಗಾಗದು. ಆದರೂ ತುರುಕುತ್ತೇನೆ.)

ನೇಕಾರರ ಓಣಿಯಲ್ಲಿ ಯಾವ ಮನೆಯ ಮಗ್ಗವಾದರೂ ನಡುವೆ ತಟ್ಟನೆ ನಿಂತರೆ, ಪಕ್ಕದ ಮನೆಯವರು ಗೋಡೆಯಾಚೆಯಿಂದಲೇ ಕೂಗುತ್ತಾರೆ: 'ಎಳಿ ಹರೀತೇನ?' ನಿಂತವರು ಉತ್ತರ ಕೊಡಲೇಬೇಕು. ಕೊಡದಿದ್ದರೆ ಅವರಿಗೇನೋ ಆಗಿದೆ ಎಂದು ಜನ ಬಾಗಿಲು ನೂಕಿಕೊಂಡು ಒಳಗೆ ಬರುತ್ತಾರೆ. ಬಾಣಂತಿಯರು, ಮುದುಕರು, ಜ್ವರದವರು ಎಷ್ಟೋ ಜನ ಈ ಒಂದು ಪ್ರಶ್ನೆಯಿಂದ ಉಳಿದಿದ್ದಾರೆ.

ಅಮಾವಾಸ್ಯೆಯ ದಿನ ಕೇಳುವವರು ಯಾರೂ ಇರಲಿಲ್ಲ. ಆದರೂ ಎಳೆ ಹರಿದು ಮಗ್ಗ ನಿಂತಾಗ ಕಾಶೀಂಬಿ ಬಾಯಿಯ ರೂಢಿಯಂತೆ ಹೇಳಿಬಿಟ್ಟಳು: 'ಹೌದ್ರಿ, ಹರೀತು. ಗಂಟ್ ಹಾಕ್ತೀನಿ, ತಡೀರಿ.' ಅದೂ ಪ್ಲೇಟಿನಲ್ಲಿ ಕೂತಿತು. ವಾಸುದೇವ ಹಣೆ ಬಡಿದುಕೊಂಡ. ಮತ್ತೊಮ್ಮೆ ತುಂಬಲು ಅವನ ಬಳಿ ದನಿ ಕೆತ್ತುವ ಬೇರೆ ಮೇಣದ ತಟ್ಟೆ ಇರಲಿಲ್ಲ.

೪

ತಿಂಗಳಾದ ಮೇಲೆ ವಾಸುದೇವ ಆ ಪ್ಲೇಟಿನ ಒಂದೇ ನಮೂನೆ ಹಿಡಿದು ಬಂದ.

'ನೋಡ್ರಿ ನಬೀಸಾಬ, ಕಂಪನಿಯವ್ರಿಗೆ ಇದರ ತಲಿ-ಬುಡ ತಿಳದಿಲ್ಲ. ನನಗೂ ಅಷ್ಟ. ನಾಟಕದಾಗ ಹಾಡು ಮಂದಿಗೆ ಹಿಡಿಸಿದ್ರ ಏನಂತಾರ? ವನ್ಸ್ ಮೋರ್ ಅಂತಾರ. ಇಲ್ಲೂ ಅಷ್ಟ. ಕೇಳಿದವರೊಳಗ ಒಬ್ರು ವನ್ಸ್ ಮೋರ್ ಅಂದ್ರ ಇಂಥಾ ಇನ್ನಷ್ಟು ಪ್ಲೇಟ್ ಒತ್ತಸತೀವಿ. ಯಾರೂ ಅನ್ನಲಿಲ್ಲಂದ್ರ ಇದನ್ನೂ ಒಯ್ದು ಕರಗಸತೀವಿ, ಪ್ಲೇಟ್ ಮಾಡೋ ಅರಗು ತುಟ್ಟಿ ಆಗೇತಿ. ನೀವು, ನಿಮ್ಮ ಮನಿಯವ್ರು ಬಾಯಿ ತಗೀಬಾರದು. ಸೂಚನಾ ಕೊಡಬಾರದು.'

ನಬೀಸಾಬ ತಲೆಯಾಡಿಸಿದ. ಕಾಶೀಂಬಿ ಅಂದು ಬೆಳಿಗ್ಗೆ ಗಂಡನಿಗೆ ಹೇಳಿದ್ದನ್ನು ನಾನು ಕೇಳಿದ್ದೇನೆ (ಬರೆಯುವವನಿಗೆ ಇಷ್ಟು ಸಲಿಗೆ ಇರುತ್ತದೆ): 'ನಾ ನೇದಿದ್ದು ಯಾರ್ಯಾರೋ ಉಟಗೊಂಡು ಹೋದ್ರು. ಒಂದರ ನನ್ನ ಕೈಯಾಗ ಉಳದಿಲ್ಲ. ಇದೊಂದು ಉಳೀಲಿ ಅನಸ್ತೈತಿ ನೋಡು.'

ಜಾಗ ರಾಘಣ್ಣನ ಚಹಾದಂಗಡಿ. ಬಸ್‌ಸ್ಟ್ಯಾಂಡಿನಿಂದ ಓಣಿಗೆ ತಿರುಗುವಲ್ಲಿ ಇದೆ, ಕಾಶೀಂಬಿಯ ಮನೆಗೂ ಅಂಗಡಿಗೂ ಒಂದೇ ಗೋಡೆ. ಊಟಕ್ಕೆಂದು ಎದ್ದ ಕಾಶೀಂಬಿ ಮಗ್ಗಕ್ಕೆ ಮರಳದೆ, ಗೋಡೆಗೆ ಕಿವಿಯಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು. ಈಚೆ ಬೆಂಚಿನ ಮೇಲೆ ಕೂತವರು ರೋಣ ಬಸ್ಸಿನ ಡ್ರೈವರ್ ಮದರಸಾಬ, ಸಂಗೀತ ಬಲ್ಲ ಶ್ರೀನಿವಾಸ ಮಾಸ್ತರರು, ಇನ್ನೊಂದಷ್ಟು ಮಂದಿ. ಹೊರಗಿನ ಕಟ್ಟೆಯ ಮೇಲೆ ಓಣಿಯ ಹಿರಿಯ ನೇಕಾರ್ತಿ ಮಾನವ್ವ ನೂಲಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

ರಾಘಣ್ಣ ಗ್ರಾಮಾಫೋನಿಗೆ ಕೀಲಿ ಕೊಟ್ಟ. ವಾಸುದೇವ ಮುಳ್ಳು ಇಟ್ಟ.

೫

ಏನೂ ಆಗಲಿಲ್ಲ.

ಅಂದರೆ ಆಗುತ್ತಿತ್ತು. ಪ್ಲೇಟಿನಲ್ಲಿ ಮಗ್ಗ ಲಟಕ್-ಲಟಕ್ ಎಂದು ಬಡಿಯುತ್ತಿತ್ತು. ಆದರೆ ಹುಟ್ಟಿದಾರಭ್ಯ ಮಗ್ಗದ ಸದ್ದಿನಲ್ಲೇ ಉಂಡು ಮಲಗಿದ ಜನಕ್ಕೆ ಮಗ್ಗ ಕೇಳುವುದೇ ಇಲ್ಲ. ಪಕ್ಕದ ಮನೆಯ ಕಾಶೀಂಬಿ ಎಂದಿನಂತೆ ನೇಯುತ್ತಿದ್ದಾಳೆ ಅಂದುಕೊಂಡರು.

'ಯಾವಾಗ ಚಾಲೂ ಆಗತೈತ್ರಿ?' ಮದರಸಾಬ ಕೇಳಿದ.

'ಮುಳ್ಳ ಮೊಂಡ ಆಗಿರಬೇಕು' ಅಂದರು ಮಾಸ್ತರರು.

'ಚಾ ಹಾಕೋ ರಾಘಣ್ಣಾ, ಇದು ಹಾಡೂ ಪ್ಲೇಟ್ ಅಲ್ಲ' ಎಂದು ಇನ್ಯಾರೋ ಅಂದರು.

ನಬೀಸಾಬ ಮೂಲೆಯಲ್ಲಿ ನಿಂತು ಬೆವರುತ್ತಿದ್ದ. ವಾಸುದೇವ ಗಡಿಯಾರ ನೋಡಿಕೊಂಡ. ಆ ಕಾಲದ ಪ್ಲೇಟಿಗೆ ಆಯುಷ್ಯವೇ ಮೂರು ನಿಮಿಷ, ಅದರಲ್ಲಿ ಒಂದು ಹೀಗೇ ಹೋಯಿತು. ಇಂಥಾ ಕಥೆ ಯಾಕಾದರೂ ಹಿಡಿದೆನೋ ಅನ್ನಿಸಿತು.

ಆಗ ಮಗ್ಗ ನಿಂತಿತು.

ಅಬ್ಬಾ, ಆ ನಿಂತದ್ದು ಎಲ್ಲರಿಗೂ ಕೇಳಿಸಿತು. ಚಹಾದ ಬಸಿಗಳು ಬಾಯಿಯ ಹತ್ತಿರ ಹಾಗೇ ನಿಂತವು. ಕಟ್ಟೆಯ ಮೇಲಿಂದ ಮಾನವ್ವ ಗೋಡೆಯ ಕಡೆ ಕತ್ತು ತಿರುಗಿಸಿ ಕೂಗಿದಳು:

'ಕಾಶೀಂಬೀ, ಎಳಿ ಹರೀತೇನ?'

ಪ್ಲೇಟು ಉತ್ತರ ಕೊಟ್ಟಿತು.

'ಹೌದ್ರಿ, ಹರೀತು. ಗಂಟ್ ಹಾಕ್ತೀನಿ, ತಡೀರಿ.'

ಎಲ್ಲರ ಮುಖ ಗೋಡೆಯ ಕಡೆ ಇತ್ತು, ದನಿ ಬೆನ್ನ ಹಿಂದಿನ ಗ್ರಾಮಾಫೋನಿನಿಂದ ಬಂತು. ಅವರು ತಿರುಗುವುದಕ್ಕೂ ಭೋಂಗಾದ ಆ ಕಿರುಚು ಏಳುವುದಕ್ಕೂ ಸರಿಯಾಯಿತು. ಕಿರುಚು ಏರಿತು, ಅದರ ಬೆನ್ನಿಗೆ ಸನಾದಿ ಏರಿತು. ಯಾವುದು ಯಂತ್ರ, ಯಾವುದು ಉಸಿರು ಎಂದು ಬೇರ್ಪಡಿಸಲಾಗದಂತೆ ಎರಡೂ ಹೆಣೆದುಕೊಂಡವು. ಕೆಳಗಿನಿಂದ ಮಗ್ಗ ಮತ್ತೆ ಎದ್ದಿತು. ಈ ಸಲ ಅವರಿಗೆ ಮಗ್ಗ ಕೇಳಿಸಿತು. ಒಂದೊಂದು ಏಟೂ ಕೇಳಿಸಿತು. ಮದರಸಾಬ ಬೆಂಚಿನಿಂದ ಎದ್ದು ನಿಂತ. ಮಾಸ್ತರರ ಕೈ ತೊಡೆಯ ಮೇಲೆ ತಾಳ ಹಾಕಲು ಎದ್ದು, ಎಲ್ಲಿ ಬೀಳಬೇಕೆಂದು ತಿಳಿಯದೆ ಗಾಳಿಯಲ್ಲೇ ಉಳಿಯಿತು. (ಬರೆಯುತ್ತ ನಾನೂ ತೊಡೆ ತಟ್ಟಿ ನೋಡಿದೆ, ನನಗೂ ಲೆಕ್ಕ ತಪ್ಪಿತು. ನಗಬೇಡಿ, ಖರೇ ಹೇಳುತ್ತಿದ್ದೇನೆ.)

ಮುಳ್ಳು ನಡುವಿಗೆ ಬಂದು ಕರಕರ ಅಂದಿತು. ವಾಸುದೇವ ಎತ್ತಿದ.

೬

ಅಭಿಪ್ರಾಯಗಳು.

ರಾಘಣ್ಣ: 'ಚಾ ಉಕ್ಕಿ ಒಲಿ ಆರೇತಿ. ನನಗ ಖಬರ ಇಲ್ಲ ನೋಡ್ರಿ.'

ಮದರಸಾಬ: 'ಕಾಲಕಾಲೇಶ್ವರ ಗುಡ್ಡದ ಏರಿನಾಗ ನಮ್ಮ ಇಂಜಿನ್ ಹಿಂಗ ಒದರತೈತಿ. ಇಷ್ಟ ದಿನಾ ಬೈತಿದ್ದೆ ಅದಕ್ಕ. ಇನ್ನ ಬೈಯೂದಿಲ್ಲ.'

ಶ್ರೀನಿವಾಸ ಮಾಸ್ತರರು: 'ಯಾವ ರಾಗ ಅಂತ ಹುಡುಕಿದೆ. ಸಿಗಲಿಲ್ಲ. ಹುಡುಕೂದು ಬಿಟ್ಟ ಮ್ಯಾಲೆ ಭಾಳ ಚಲೋ ಅನಸ್ತು. ಇದನ್ನ ಹೊರಗ ಯಾರಿಗೂ ಹೇಳಬ್ಯಾಡ್ರಿ.'

ಮಾನವ್ವ: 'ನನಗ ಗಾನಾ ತಿಳಿಯೂದಿಲ್ಲಪಾ. ಆದ್ರ ಕೇಳಿದ್ರ ಈ ಪ್ಲೇಟ್ ಉತ್ರ ಕೊಡತೈತಿ. ನನ್ನ ಸೊಸಿನೂ ಇಷ್ಟ ಲಗೂ ಕೊಡೂದಿಲ್ಲ.'

ಎಲ್ಲರೂ ಒಮ್ಮೆಲೇ ಮಾತಾಡುತ್ತಿದ್ದರು. ನಬೀಸಾಬನ ಕಣ್ಣು ತುಂಬಿತ್ತು. ಗೋಡೆಯಾಚೆ ಕಾಶೀಂಬಿ ಸೆರಗು ಕಚ್ಚಿಕೊಂಡು ನಗುತ್ತಿದ್ದಳು. ಇಲ್ಲಿಗೆ ಕಥೆ ಮುಗಿಯಬೇಕಿತ್ತು, ನನಗೂ ಊಟದ ಹೊತ್ತಾಗಿತ್ತು.

ವಾಸುದೇವ ಕಾದ. ಯಾರೂ ವನ್ಸ್ ಮೋರ್ ಅನ್ನಲಿಲ್ಲ.

ಮಾಸ್ತರರು ಬಾಯಿ ತೆರೆದರು. ಮಾನವ್ವ ಕಟ್ಟೆಯಿಂದ ಕೈಯೆತ್ತಿದಳು: 'ಸುಮ್ಮನಿರ್ರಿ ಮಾಸ್ತರ. ಮತ್ತ ಹಾಕಿದ್ರ ಆಕಿ ಎಳಿ ಮತ್ತ ಹರೀತೈತಿ.'

ಅಷ್ಟೇ. ಆ ಓಣಿಯಲ್ಲಿ ಎಳೆ ಹರಿಯಿತೇನು ಎಂದು ಯಾರು ಬೇಕಾದರೂ ಕೇಳಬಹುದು. ಹರಿಯಲಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಶಾಪ. ಪ್ಲೇಟನ್ನು ಮೆಚ್ಚಿದವರೇ, ಮೆಚ್ಚಿದ್ದಕ್ಕೇ, ಬಾಯಿ ಮುಚ್ಚಿ ಕೂತರು. ಮರ್ಯಾದೆಯಿಂದಲೇ ಅದನ್ನು ಕುಲುಮೆಗೆ ಕಳಿಸಲು ಹೊರಟಿದ್ದರು.

ನಾನು ತಡೆಯಲಾರದೆ ನಡುವೆ ನುಗ್ಗಿದೆ. 'ಮಾನವ್ವ, ಅದು ಪ್ಲೇಟು. ಆ ಎಳೆಗೆ ಗಂಟು ಬಿದ್ದು, ಆ ಸೀರೆ ಮಾರಿಯೂ ಆಗಿದೆ.'

'ನೀ ಯಾರಪಾ? ಚಾ ಕುಡದಿಲ್ಲ, ಏನಿಲ್ಲ, ನಡುವ ಬಾಯಿ ಹಾಕಾಕತ್ತಿ. ಈಗ ನಾ ಕೇಳಿದಾಗ ಉತ್ರ ಬಂತಿಲ್ಲ? ಉತ್ರ ಬಂತಂದ್ರ ಎಳೀನೂ ಈಗ ಹರದಂಗ.'

ಇದಕ್ಕೆ ನಿಮ್ಮ ಬಳಿ ಉತ್ತರ ಇದ್ದರೆ ಅಂಚಿನಲ್ಲಿ ಬರೆದುಕೊಳ್ಳಿ.

೮

(ಏಳನೆಯದನ್ನು ಕಿತ್ತೆ. ಅದರಲ್ಲಿ ನಾನು ಸಂಗೀತದ ಬಗ್ಗೆ ಭಾಷಣ ಮಾಡಿದ್ದೆ.)

ಗೋಡೆಯಾಚೆ ಹೋಗಿ ಕಾಶೀಂಬಿಯ ಮುಂದೆ ಅಂತ್ಯಗಳನ್ನು ಹರಡಿದೆ.

ಒಂದು. ಮಾಸ್ತರರು ಧೈರ್ಯ ಮಾಡಿ ಕೂಗುತ್ತಾರೆ. ಪ್ಲೇಟು ಊರೂರು ತಿರುಗುತ್ತದೆ. ಹತ್ತು ವರ್ಷ ಕಳೆದು, ಯಾವುದೋ ದೇಶದಲ್ಲಿ ಉದ್ದ ಕೂದಲಿನ ಹುಡುಗರು ಗಿಟಾರಿನಲ್ಲಿ ಅದೇ ಕಿರುಚು ಹುಡುಕುತ್ತಾರೆ.

'ಮಾಸ್ತರಂದು ಅಷ್ಟು ಗುಂಡಿಗಿ ಅಲ್ಲ' ಅಂದಳು ಕಾಶೀಂಬಿ. 'ಮತ್ತ ಆ ಹುಡುಗರು ನನಗೇನಾಗಬೇಕು?'

ಎರಡು. ಯಾರೂ ಕೂಗುವುದಿಲ್ಲ. ಪ್ಲೇಟು ಕರಗಿ ಬೇರೊಂದು ಪ್ಲೇಟಾಗುತ್ತದೆ. ಯಾವಗಲ್ ಎಂಬ ಊರಿನ ಯಾರದೋ ಮನೆಯಲ್ಲಿ ಒಂದು ನಾಟಕದ ಹಾಡಿನ ನಡುವೆ, ಕಾರಣವಿಲ್ಲದೆ, ಒಂದು ಕ್ಷಣ ಲಟಕ್ ಎನ್ನುತ್ತದೆ. ಇದನ್ನು ಬರೆದು ನಾನು ನನ್ನ ಬೆನ್ನನ್ನೇ ತಟ್ಟಿಕೊಂಡಿದ್ದೆ.

'ಚಂದ ಐತಿ' ಅಂದಳು. 'ಚಂದ ಆಗೂದು ನಿನಗ, ಕರಗೂದು ನಾನು.'

ನಾನು ಆ ಪುಟ ಮಡಚಿಟ್ಟೆ.

ಮೂರು. ನಾನೇ ವನ್ಸ್ ಮೋರ್ ಎಂದು ಕೂಗಿಬಿಡುತ್ತೇನೆ. ಇದಕ್ಕೆ ಅಂಗಡಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದ ನಬೀಸಾಬನೇ ತಲೆಯಲ್ಲಾಡಿಸಿದ. 'ಬರೂದಿಲ್ರಿ. ನಮ್ಮನ್ನ ಕಟ್ಟಿದವ್ರು ನೀವು. ನೀವೂ ಮನಿಯವ್ರ ಆದ್ರಿ.'

ಕರಾರು ಕರಾರೇ.

೯

ಅಂಗಡಿಯಲ್ಲಿ ವಾಸುದೇವ ಪ್ಲೇಟಿನ ಅಂಚಿಗೆ ಬೆರಳು ಹಾಕಿ ಅರ್ಧ ಎತ್ತಿದ್ದ. ಅಷ್ಟರಲ್ಲಿ ಮಾನವ್ವನಿಗೆ ಏನೋ ಹೊಳೆಯಿತು. ಪ್ಲೇಟಿನ ಮಗ್ಗ ನಿಂತಿತು ಸರಿ, ಪಕ್ಕದ ಮನೆಯ ಖರೇ ಮಗ್ಗವೂ ನಿಂತೇ ಇದೆ.

'ಕಾಶೀಂಬೀ,' ಈ ಸಲ ಅವಳ ದನಿಯಲ್ಲಿ ಗಾಬರಿಯಿತ್ತು, 'ಎಳಿ ಹರೀತೇನವಾ?'

ಬಾಯಿ ತೆಗೆಯಬಾರದೆಂಬುದು ವಾಸುದೇವನ ಕರಾರು. ಈ ಪ್ರಶ್ನೆಗೆ ಸುಮ್ಮನಿರಬಾರದೆಂಬುದು ಓಣಿಯ ಕರಾರು. ಅದು ಹಳೆಯದು. ಕಾಶೀಂಬಿ ಸೆರಗು ತೆಗೆದಳು. ಗೋಡೆಯಾಚೆಯಿಂದ ಖರೇ ಕಾಶೀಂಬಿಯ ದನಿ ಬಂತು.

'ಹರದ್ರ ಹರೀಲಿ ಬಿಡವಾ ಮಾನವ್ವ. ಗಂಟ್ ಹಾಕಾಕ ನನಗ ಬರತೈತಿ.'

ಇದು ಸೂಚನೆಯೋ, ಬರೀ ಉತ್ತರವೋ ಎಂದು ವಾಸುದೇವನಿಗೆ ತಿಳಿಯಲಿಲ್ಲ. ಅವನ ಬೆರಳು ಪ್ಲೇಟಿನ ಕೆಳಗೇ ಉಳಿಯಿತು. ಮಾನವ್ವ ಬುಟ್ಟಿ ಕೆಳಗಿಟ್ಟು ಎದ್ದು ನಿಂತಳು. ಮಾಸ್ತರರು ಮದರಸಾಬನ ಮುಖ ನೋಡಿದರು, ಮದರಸಾಬ ಮಾಸ್ತರರ ಮುಖ ನೋಡಿದ.

ಮುಂದಿನ ಸಾಲನ್ನು ನಾನು ಬರೆಯುವುದಿಲ್ಲ. ನಾನು ಮನೆಯವನಾದೆ, ಕೇಳಿದಿರಲ್ಲ. ಇಷ್ಟು ಹೊತ್ತು ಬೆಂಚಿನ ತುದಿಯಲ್ಲಿ ಕೂತು ಪುಕ್ಕಟೆ ಕೇಳಿದವರು ನೀವು, ಕೂಗುವುದಿದ್ದರೆ ನೀವೇ ಕೂಗಬೇಕು. ಎಳೆ ಮತ್ತೆ ಹರಿಯುತ್ತದೆ ಎಂದು ನಿಮಗೂ ಗೊತ್ತಿದೆ, ಕಾಶೀಂಬಿ ಏನು ಹೇಳಿದಳೆಂದೂ ಗೊತ್ತಿದೆ.

ರಾಘಣ್ಣ ಮಾತ್ರ, ಯಾರೂ ಹೇಳದೆಯೇ, ಗ್ರಾಮಾಫೋನಿಗೆ ಕೀಲಿ ಕೊಡುತ್ತಿದ್ದಾನೆ.