ಮೂರನೇ ಗುಂಪಿನ ಪೆನ್ಸಿಲ್ ಗುರುತು

ನಾಲ್ಕು ದಿನಗಳಿಂದ ಅದೇ ಕುರ್ಚಿ, ಅದೇ ಮೇಜು, ಅದೇ ಮಾತು. ವಿಷಯದ ಮೇಡಂಗೆ ಗಂಟಲು ಕಟ್ಟಿಹೋಗಿತ್ತು. ಅವರು ಪಾಠ ಮಾಡುತ್ತಿದ್ದುದು ಭೂಗೋಳ. ಆದರೆ ವರ್ಷಕ್ಕೊಮ್ಮೆ, ಒಂಬತ್ತನೆಯ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ದೊಡ್ಡ ಪರೀಕ್ಷೆಗೆ ಯಾವ ಯಾವ ವಿಷಯ ತೆಗೆದುಕೊಳ್ಳಬೇಕೆಂದು ಹೇಳುವ ಕೆಲಸವೂ ಅವರ ತಲೆಗೇ ಕಟ್ಟಿ ಹನ್ನೆರಡು ವರ್ಷವಾಗಿತ್ತು. ವಿಷಯದ ಮೇಡಂ ಎಂಬ ಹೆಸರು ಬಂದಿದ್ದು ಹಾಗೆ.

ನೂರ ಎಂಬತ್ತು ಮಕ್ಕಳು, ತಲೆಗೆ ಏಳು ನಿಮಿಷ. ಏಳು ನಿಮಿಷದಲ್ಲಿ ಒಂದು ಮಗುವಿನ ಹೆಸರು ನೆನಪಿಟ್ಟುಕೊಳ್ಳುವುದೇ ಕಷ್ಟ. ಹಾಗಾಗಿ ಹಿಂದಿನ ಭಾನುವಾರವೇ ಮೇಡಂ ಮನೆಯ ಊಟದ ಮೇಜಿನ ಮೇಲೆ ಫಾರಂಗಳನ್ನೆಲ್ಲ ಹರಡಿಕೊಂಡು, ಯಾರಿಗೆ ಯಾವುದು ಸರಿ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟುಕೊಳ್ಳುತ್ತಿದ್ದರು. ಒಂದು ಕಡೆ ಅಂಕಪಟ್ಟಿ. ಇನ್ನೊಂದು ಕಡೆ ಫಾರಂನ ಎರಡನೇ ಸಾಲು: ತಂದೆ ತಾಯಿಯ ಉದ್ಯೋಗ. ಅಂಕಪಟ್ಟಿಯನ್ನು ಹುಡುಕಿ ನೋಡಬೇಕಿತ್ತು. ಎರಡನೇ ಸಾಲು ತಾನಾಗಿ ಕಣ್ಣಿಗೆ ಬೀಳುತ್ತಿತ್ತು. ಆಮೇಲೆ ಮಕ್ಕಳು ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಬಂದು ಎದುರಿಗೆ ಕೂತಾಗ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಆ ಗುರುತಿನ ಹತ್ತಿರವೇ ಬಂದು ನಿಲ್ಲುತ್ತಿತ್ತು. ಮೇಡಂ ಅದರ ಮೇಲೆ ಶಾಯಿ ಎಳೆಯುತ್ತಿದ್ದರು. ಪೈಪು ಜೋಡಿಸುವವನ ಮಗ ಪೈಪಿನ ಕಡೆಗೆ ಹೋಗುತ್ತಿದ್ದ, ವಕೀಲರ ಮಗಳು ಇತಿಹಾಸದ ಕಡೆಗೆ. ಇದನ್ನು ಅನ್ಯಾಯ ಎಂದು ಯಾರೂ ಕರೆದಿರಲಿಲ್ಲ. ಮಾರ್ಗದರ್ಶನ ಎಂದು ಕರೆಯುತ್ತಿದ್ದರು. ಹೆಡ್ಮಾಸ್ಟರು ತಮ್ಮ ವಾರ್ಷಿಕ ವರದಿಯಲ್ಲಿ ಅದಕ್ಕೊಂದು ಪ್ಯಾರಾವನ್ನೇ ಮೀಸಲಿಟ್ಟಿದ್ದರು.

ಕೊನೆಯ ದಿನದ ಮಧ್ಯಾಹ್ನ. ಇನ್ನೂ ಹದಿಮೂರು ಫಾರಂ ಉಳಿದಿದ್ದವು. ಬಾಗಿಲು ತೆರೆಯಿತು.

"ಬಾಮ್ಮ, ಕೂತ್ಕೋ," ಎಂದರು ಮೇಡಂ, ಫಾರಂನಿಂದ ತಲೆ ಎತ್ತದೆ. "ನೋಡೋಣ, ಇವಳಿಗೇನು ಸಿಗುತ್ತೆ ಅಂತ."

ಬಂದವಳು ಸರ್ಕಾರಿ ಆಸ್ಪತ್ರೆಯ ಆಯಾ. ಪಾಳಿಯ ನಡುವೆ ಅಪ್ಪಣೆ ಕೇಳಿಕೊಂಡು ಬಂದಿದ್ದಳು. ಮೈಮೇಲೆ ಬೂದು ಬಣ್ಣದ ಯೂನಿಫಾರಂ ಹಾಗೇ ಇತ್ತು, ಫಿನಾಯಿಲ್ ವಾಸನೆಯೂ. ಅವಳು ಕೂರಲಿಲ್ಲ, ಗೋಡೆಗೆ ಒರಗಿ ನಿಂತಳು. ಜೊತೆಗಿದ್ದ ಮಗಳನ್ನು ಸ್ಟಾಫ್ ರೂಮಿನಲ್ಲಿ ಗುಮ್ಮಿ ಎನ್ನುತ್ತಿದ್ದರು. ಬಾಯಿ ಬಿಡದವಳು ಎಂದು. ಒಂಬತ್ತನೆಯ ತರಗತಿಯಲ್ಲಿ ಅವಳ ವಿಭಾಗದ ಸರದಿ ಕೊನೆಯದು. ಪಾಠವಿಲ್ಲದೆ ನಾಲ್ಕು ದಿನವೂ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಬಾಗಿಲಿನ ಗಾಜಿನಿಂದ ಒಳಗಿನದೆಲ್ಲ ಕಾಣುತ್ತಿತ್ತು, ಮೇಲಿನ ಕಿಂಡಿಯಿಂದ ಕೇಳಿಸುತ್ತಲೂ ಇತ್ತು.

ಫಾರಂನಲ್ಲಿದ್ದ ವಿಷಯಗಳ ಮೊದಲೆರಡು ಗುಂಪು ಸಲೀಸಾಗಿ ಮುಗಿದವು. ಮೂರನೇ ಗುಂಪಿನಲ್ಲಿ ಭೌತಶಾಸ್ತ್ರ, ವಾಣಿಜ್ಯ, ಶುಶ್ರೂಷೆ, ನಾಟಕ. ನಾಲ್ಕರಲ್ಲಿ ಒಂದನ್ನು ಆರಿಸಬೇಕು. ಪೆನ್ಸಿಲಿನ ಗುರುತು ಶುಶ್ರೂಷೆಯ ಮುಂದಿತ್ತು.

"ನಾಟಕ," ಎಂದಳು ಗುಮ್ಮಿ.

ತಾಯಿ ಮಗಳ ಮುಖ ನೋಡಿದಳು. "ಮನೇಲಿ ನಾಲ್ಕು ಮಾತಾಡೇ ಅಂದ್ರೆ ಬಾಯಿಗೆ ಬೀಗ. ಇವಳು ನಾಟಕ ಮಾಡ್ತಾಳಂತೆ. ಕಂಬದ ಪಾರ್ಟು ಏನಾದ್ರೂ ಇದ್ರೆ ಕೊಡಿ ಮೇಡಂ."

ಮೇಡಂ ನಕ್ಕರು. ನಗುವುದಕ್ಕೂ ಶಕ್ತಿ ಬೇಕೆಂದು ಆಗ ಅವರಿಗೆ ಗೊತ್ತಾಯಿತು. ನಂತರ ನಾಲ್ಕು ದಿನದಿಂದ ಹೇಳುತ್ತಿದ್ದುದನ್ನೇ ಹೇಳಿದರು. ಶುಶ್ರೂಷೆ ಓದಿದವರಲ್ಲಿ ಹದಿನೆಂಟು ಜನರನ್ನು ಆಸ್ಪತ್ರೆಯವರು ನೇರವಾಗಿ ತರಬೇತಿಗೆ ತೆಗೆದುಕೊಳ್ಳುತ್ತಾರೆ. ನಾಟಕಕ್ಕೆ ವಾರಕ್ಕೆರಡು ದಿನ ಬರುವ ಒಬ್ಬ ಮೇಷ್ಟ್ರು, ತಾಲೀಮಿಗೆ ಸೈಕಲ್ ನಿಲ್ಲಿಸುವ ಶೆಡ್ಡು. ಯೋಚನೆ ಮಾಡು, ಆದರೆ ಬುದ್ಧಿವಂತಳಾಗಿ ಯೋಚನೆ ಮಾಡು. ತಾಯಿ ಒಂದೊಂದಕ್ಕೂ ತಲೆಯಾಡಿಸಿದಳು.

"ನಾನು ಬೆಡ್‌ಪ್ಯಾನ್ ತೊಳೆಯೋಳು. ಇವಳು ಸೂಜಿ ಚುಚ್ಚೋಳಾಗ್ಲಿ. ನನ್ನಾಸೆ ಅಷ್ಟೇ, ಮೇಡಂ."

ಮೇಡಂ ಪೆನ್ನಿನ ಮುಚ್ಚಳ ತೆಗೆದರು.

"ಅದು ಆಗ್ಲೇ ಇದೆಯಲ್ಲ," ಎಂದಳು ಹುಡುಗಿ. ಅವಳ ಬೆರಳು ಗುರುತಿನ ಮೇಲಿತ್ತು. "ನಾನು ಬರೋಕೆ ಮುಂಚೇನೇ ಇದೆ."

"ಅದು ಬರೀ ಸಲಹೆ ಕಣೇ. ಪೆನ್ಸಿಲ್ ತಾನೇ?"

"ನಾಲ್ಕು ದಿನದಿಂದ ನೋಡ್ತಾ ಇದೀನಿ. ನೀವು ಒಂದನ್ನೂ ಅಳಿಸಿಲ್ಲ."

ತಾಯಿ ಅವಳ ಹೆಸರು ಹಿಡಿದು ಗದರಿದಳು. ಹುಡುಗಿ ಕೇಳಿಸಿಕೊಳ್ಳಲಿಲ್ಲ. ಖಾಲಿ ಕುರ್ಚಿಯನ್ನು ಎಳೆದುಕೊಂಡು ಕೂತಳು. ಕೂತದ್ದೇ ಅವಳ ಬೆನ್ನು ಗೂನಾಯಿತು. ಇಲ್ಲದ ಕನ್ನಡಕ ತೆಗೆದು, ಮೂಗಿನ ಬುಡವನ್ನು ಎರಡು ಬೆರಳಲ್ಲಿ ಒತ್ತಿಕೊಂಡಳು. ಆಮೇಲೆ ಬಾಗಿಲ ಕಡೆ ನೋಡಿದಳು, ಮುಖ ಅರಳಿತು, ಕುರ್ಚಿಯಿಂದ ಅರ್ಧ ಎದ್ದಳು.

"ಬನ್ನಿ ಬನ್ನಿ ಡಾಕ್ಟ್ರೇ, ಕೂತ್ಕೊಳ್ಳಿ. ಹೇಳು ಪುಟ್ಟಾ, ನಿನಗೇನು ಇಷ್ಟ?"

ಧ್ವನಿ ಮೇಡಂದೇ. ಕಟ್ಟಿಹೋದ ಗಂಟಲು, ನಡುನಡುವೆ ಸಣ್ಣ ಕೆಮ್ಮು, ಎಲ್ಲ ಇತ್ತು. ಮಗಳೊಳಗಿಂದ ಇಂಥದೊಂದು ಬರಬಹುದೆಂದು ತಾಯಿ ಕನಸಲ್ಲೂ ಎಣಿಸಿರಲಿಲ್ಲ. ತಡೆಯಲಾರದೆ ನಕ್ಕುಬಿಟ್ಟಳು, ಯೂನಿಫಾರಂ ತೋಳನ್ನು ಬಾಯಿಗೆ ಒತ್ತಿಕೊಂಡು.

ಹುಡುಗಿ ಕನ್ನಡಕ ಹಾಕಿಕೊಂಡಳು. ತಲೆ ಕಾಗದದ ಮೇಲೆ ಬಾಗಿತು. ಇಲ್ಲದ ಪೆನ್ನಿನ ಮುಚ್ಚಳ ತೆಗೆದಳು.

"ಬಾಮ್ಮ, ಕೂತ್ಕೋ. ನೋಡೋಣ, ಇವಳಿಗೇನು ಸಿಗುತ್ತೆ ಅಂತ."

ತಾಯಿಯ ನಗು ಅರ್ಧಕ್ಕೇ ನಿಂತಿತು.

ಮೇಡಂಗೆ ಸಿಟ್ಟು ಬರಬೇಕಾಗಿತ್ತು. ಸಿಟ್ಟಾಗುವಷ್ಟು ತ್ರಾಣ ಉಳಿದಿರಲಿಲ್ಲ. ಡಾಕ್ಟರ ಮಗ ನೆನಪಾದ. ಏನು ಇಷ್ಟ ಎಂದು ಕೇಳಿದಾಗ ಗೊತ್ತಿಲ್ಲ ಎಂದಿದ್ದ. ಅವನಿಗೆ ಏನು ಇಷ್ಟ ಎಂದು ಎಲ್ಲರೂ ಸೇರಿ ಇಪ್ಪತ್ತು ನಿಮಿಷ ಹುಡುಕಿದ್ದರು. ಆ ಇಪ್ಪತ್ತು ನಿಮಿಷ ಯಾರ ಪಾಲಿನದು? ಗೊತ್ತಿಲ್ಲ ಎನ್ನುವುದಕ್ಕೂ ಅಪ್ಪನ ಉದ್ಯೋಗ ಸರಿಯಾಗಿರಬೇಕಿತ್ತು.

ತಾಯಿ ಗೋಡೆ ಬಿಟ್ಟು ಬಂದು, ಮಗಳನ್ನು ಏಳಿಸಿ, ತಾನು ಕುರ್ಚಿಯಲ್ಲಿ ಕೂತಳು.

"ಮೇಡಂ, ಡಾಕ್ಟ್ರ ಮಗೂಗೆ ಕೇಳಿದ್ರಲ್ಲ, ಅದನ್ನೇ ಇವಳಿಗೂ ಒಂದ್ಸಲ ಕೇಳಿ."

ಮೇಡಂ ಕೇಳಿದರು. ನಾಲಿಗೆ ತೊದಲಿತು. "ನಿನಗೇನು ಇಷ್ಟ?"

"ನಾಟಕ."

"ಇದ್ರಿಂದ ಕೆಲಸ ಸಿಗುತ್ತಾ?" ತಾಯಿಯ ಪ್ರಶ್ನೆ.

"ಗೊತ್ತಿಲ್ಲ," ಎಂದರು ಮೇಡಂ. ಹನ್ನೆರಡು ವರ್ಷದಲ್ಲಿ ಆ ಕೋಣೆಯಲ್ಲಿ ಅವರು ಈ ಮಾತು ಆಡಿದ್ದು ಇದೇ ಮೊದಲು. "ಶುಶ್ರೂಷೆ ಬಿಟ್ಟರೆ ಆಸ್ಪತ್ರೆ ತರಬೇತಿ ಕೈತಪ್ಪುತ್ತೆ. ಆಮೇಲೆ ಬದಲಾಯಿಸೋಕೂ ಆಗಲ್ಲ. ನನಗೆ ಗೊತ್ತಿರೋದು ಅಷ್ಟೇ. ನೀವೇ ಹೇಳಬೇಕು."

ತಾಯಿ ತನ್ನ ಕೈ ನೋಡಿಕೊಂಡಳು. ಫಿನಾಯಿಲಿಗೆ ಬೆರಳುಗಳ ಸಂದಿ ಬೆಳ್ಳಗೆ ಬಿರಿದಿತ್ತು. ಏಳು ನಿಮಿಷ ಎಂದೋ ದಾಟಿತ್ತು.

"ವಾರ್ಡಲ್ಲಿ ದಿನಾ ನಗಬೇಕು, ಮೇಡಂ. ಬೈದ್ರೂ ನಗಬೇಕು, ಮೈಮೇಲೆ ವಾಂತಿ ಮಾಡಿದ್ರೂ ನಗಬೇಕು. ಇಪ್ಪತ್ತು ವರ್ಷ ಆಯ್ತು. ಈಗ ಇವಳು ನಗಿಸಿದ್ಲಲ್ಲ, ಅದು ತಾನಾಗೇ ಬಂತು ನಂಗೆ." ಕೈ ಚಾಚಿದಳು. "ಎಲ್ಲಿ ಹಾಕ್ಬೇಕು ಸೈನು?"

ಮೇಡಂನ ಪೆನ್ಸಿಲಿನ ತುದಿಯ ರಬ್ಬರು ಬಳಸದೆ ಹಾಗೇ ಉಳಿದು ಗಟ್ಟಿಯಾಗಿ ಹೋಗಿತ್ತು. ಉಜ್ಜಿದರೆ ಕಪ್ಪು ಹರಡಿತು. ಹುಡುಗಿ ತನ್ನ ಚೀಲದಿಂದ ಸವೆದ ಒಂದು ರಬ್ಬರ್ ತುಂಡು ಕೊಟ್ಟಳು. ಗುರುತು ಹೋಯಿತು. ಅದನ್ನು ಒತ್ತಿ ಬರೆದ ತಗ್ಗು ಮಾತ್ರ ಕಾಗದದ ಮೇಲೆ ಉಳಿಯಿತು.

ಹೊರಡುವಾಗ ತಾಯಿ ಮಗಳಿಗೆ, "ನಪಾಸಾದ್ರೆ ಬಕೆಟ್ ಕೊಡ್ತೀನಿ ಕೈಗೆ, ನೆನಪಿಟ್ಕೋ," ಎನ್ನುತ್ತಿದ್ದುದು ಕಿಂಡಿಯಿಂದ ಕೇಳಿಸಿತು. ರಬ್ಬರ್ ತುಂಡನ್ನು ಹುಡುಗಿ ಮೇಜಿನ ಮೇಲೇ ಬಿಟ್ಟುಹೋಗಿದ್ದಳು.

ಆಫೀಸಿನ ಜವಾನ ಬಂದು, ಐದು ಗಂಟೆಯೊಳಗೆ ಮುಗಿಯುತ್ತದೆಯೇ ಎಂದು ಹೆಡ್ಮಾಸ್ಟರು ಕೇಳುತ್ತಿದ್ದಾರೆಂದ. ಮುಗಿಯುವುದಿಲ್ಲ ಎಂದರು ಮೇಡಂ. ಈಗಾಗಲೇ ಆಫೀಸಿಗೆ ಕಳಿಸಿದ್ದ ನೂರ ಅರವತ್ತೇಳು ಫಾರಂಗಳನ್ನೂ ವಾಪಸು ತರಲು ಹೇಳಿದರು.

"ಅವಕ್ಕೆ ಶಾಯಿ ಹಾಕಿದೆಯಲ್ಲ, ಮೇಡಂ?"

"ಹೌದು. ಶಾಯಿ ಹಾಕಿದವನ್ನೇ ತಾ. ಹೊಸ ಖಾಲಿ ಫಾರಂ ಬೇಕು ಅಂತಾನೂ ಹೇಳು."

ಜವಾನ ಅವರ ಮುಖವನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿ ಹೋದ. ಹೆಡ್ಮಾಸ್ಟರು ಏನೆನ್ನುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಮೇಡಂ ಉಳಿದ ಹನ್ನೆರಡು ಫಾರಂಗಳ ಗುರುತುಗಳನ್ನು ಒಂದೊಂದಾಗಿ ಉಜ್ಜಿದರು. ಭುಜ ಸೆಳೆಯತೊಡಗಿತು.

ಬಾಗಿಲು ತೆರೆಯಿತು. ಲಾರಿ ಡ್ರೈವರ್, ಅವನ ಮಗಳು. ಮೇಡಂ ಮೇಜು ಹಿಡಿದುಕೊಂಡು ಎದ್ದರು. "ಬನ್ನಿ, ಕೂತ್ಕೊಳ್ಳಿ." ಕಣ್ಣು ಆಗಲೇ ಎರಡನೇ ಸಾಲಿಗೆ ಹೋಗಿತ್ತು. ಅದರ ಮೇಲೆ ಅಂಗೈ ಮುಚ್ಚಿ ಕೇಳಿದರು.

"ನಿನಗೇನು ಇಷ್ಟಮ್ಮ?"

ಹುಡುಗಿ ಅಪ್ಪನನ್ನು ನೋಡಿದಳು, ಮುಚ್ಚಿದ ಅಂಗೈಯನ್ನು ನೋಡಿದಳು.

"ಯಾವ್ದಾದ್ರೂ ಪರವಾಗಿಲ್ಲ, ಮೇಡಂ. ನೀವೇ ಹೇಳಿಬಿಡಿ."

ಮೇಡಂ ಕನ್ನಡಕ ತೆಗೆದು ಮೂಗಿನ ಬುಡ ಒತ್ತಿಕೊಂಡರು. ಹೊರಗೆ ಬೆಂಚಿನ ಮೇಲೆ ಇನ್ನೂ ಹನ್ನೊಂದು ಜನ.

"ಇಲ್ಲ. ನೀನೇ ಹೇಳು. ನಾನು ಕಾಯ್ತೀನಿ."