ಅನೀಶನ ಕತ್ತರಿ

ಡೊಂಬಿವಲಿ ಪೂರ್ವದ ತಮ್ಮ ವಸತಿ ಸೊಸೈಟಿಯ ಆಫೀಸ್ ಕೋಣೆಯಲ್ಲಿ ಅಪರ್ಣಾ ಪ್ರತಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಚಿತ್ರಪುಸ್ತಕ ಓದುತ್ತಿದ್ದಳು. ಬರೀ ಓದಿ ಮುಗಿಸುವವಳಲ್ಲ. ಆನೆಯ ಕತೆಯಾದರೆ ಮಕ್ಕಳು ಕೈಯನ್ನೇ ಸೊಂಡಿಲು ಮಾಡಿಕೊಂಡು ಬಕೆಟ್ಟಿನಿಂದ ಚೆಂಡು ಎತ್ತಬೇಕು. ಮಳೆಯ ಕತೆಯಾದರೆ ಸ್ಟೀಲ್ ತಟ್ಟೆಗಳ ಮೇಲೆ ಬೆರಳು ಬಡಿದು ಹನಿಯಿಂದ ಗುಡುಗಿನವರೆಗೆ ಎಲ್ಲ ಕೇಳಿಸಬೇಕು. ಇದೆಲ್ಲ ಶುರುವಾದದ್ದು ಮಗ ಅನೀಶನಿಗಾಗಿ. ಮನೆಯಲ್ಲಿ ಕನ್ನಡ ಕೇಳಿಯೂ ಹಿಂದಿಯಲ್ಲೇ ಉತ್ತರ ಕೊಡುವ ಹುಡುಗ, ಆಟದ ನೆಪದಲ್ಲಾದರೂ ನಾಲ್ಕು ಕನ್ನಡ ಮಾತಾಡಲಿ ಎಂದು.

ಕಳೆದ ಮಳೆಗಾಲದಲ್ಲಿ ಡೆಂಗ್ಯೂ ಬಂದು ಅನೀಶ ತೀರಿಕೊಂಡ. ಇನ್ನೂ ಐದು ತುಂಬಿರಲಿಲ್ಲ. ಗಂಡ ಹೃಷೀಕೇಶ ಸ್ವಲ್ಪ ದಿನ ಬಿಟ್ಟು ಕೋಪರಿಯಲ್ಲಿದ್ದ ತಮ್ಮ ಹೋಟೆಲಿಗೆ ಮತ್ತೆ ಹೋಗತೊಡಗಿದ. ಗಿರಾಕಿಗಳ ಗದ್ದಲದಲ್ಲಿ ಅವನಿಗೆ ನಿಲ್ಲಲು ಒಂದು ಜಾಗವಿತ್ತು. ಅಪರ್ಣಾಳಿಗೆ ಇರಲಿಲ್ಲ. ಪುಸ್ತಕಗಳನ್ನೂ ಅಂಟು, ಬಣ್ಣ, ಕತ್ತರಿಗಳ ಡಬ್ಬಿಯನ್ನೂ ಅಟ್ಟಕ್ಕೆ ಏರಿಸಿ ಸುಮ್ಮನಾದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಮೇಲಿನ ಮಹಡಿಯ ಮೋಹಿನಿ ಬಂದು ಕೂತಳು.

"ಅಪರ್ಣಕ್ಕ, ಮಕ್ಕಳು ಈಗಲೂ ಆದಿತ್ಯವಾರ ಆ ಕೋಣೆ ಬಾಗಿಲು ನೋಡಿ ಬರ್ತಾವೆ. ನಾನು ಅವಕ್ಕೆ ಎಂತ ಹೇಳುದು?"

"ನನ್ನಿಂದ ಆಗುದಿಲ್ಲ ಮೋಹಿನಿ."

"ಒಂದು ಸಲ ಕೂತು ನೋಡಿ. ಆಗದಿದ್ರೆ ಬೇಡ. ನಾನು ಪಕ್ಕದಲ್ಲೇ ಇರ್ತೇನೆ."

ಅಪರ್ಣಾ ಕೊನೆಗೆ ಒಪ್ಪಿದಳು, ಆದರೆ ಅನೀಶನಿಗೆ ಎಂದೂ ಓದಿ ಹೇಳದ ಪುಸ್ತಕವೇ ಅವಳಿಗೆ ಬೇಕಿತ್ತು. ಹೊಸದೊಂದನ್ನು ತರಿಸಿದಳು: ಹೊಳೆಯ ಮರಿಮೀನೊಂದು ಕಡಲಿಗೆ ಹೋಗಲು ಹೆದರುವ ಕತೆ. ಆ ಭಾನುವಾರ ಮಕ್ಕಳು ಅವಳು ತಂದ ನೀಲಿ ಸೀರೆಯನ್ನು ಎರಡೂ ಕಡೆ ಹಿಡಿದು ಹೊಳೆಯ ಅಲೆ ಎಬ್ಬಿಸಿದರು. ಅರ್ಧ ಕತೆಯಾದ ಮೇಲೆ, ಅಟ್ಟದಿಂದ ಇಳಿಸಿ ತಂದಿದ್ದ ಡಬ್ಬಿ ತೆರೆದು, ಹೊಳೆಗೆ ಬಿಡಲು ಹಳೆಯ ಕ್ಯಾಲೆಂಡರ್ ಹಾಳೆಗಳಲ್ಲಿ ಮೀನು ಕತ್ತರಿಸಲು ಕೂತರು.

ಮೋಹಿನಿಯ ಮಗಳು ಪ್ರಣೀತಾ ಎಡಗೈಯವಳು. ಅವಳ ಕೈಯಲ್ಲಿದ್ದ ಬಲಗೈಯವರ ಕತ್ತರಿ ಹಾಳೆಯನ್ನು ಹರಿಯುತ್ತಿತ್ತೇ ವಿನಾ ಕತ್ತರಿಸುತ್ತಿರಲಿಲ್ಲ. ಅವಳು ತಲೆಯೆತ್ತಿ ಕೇಳಿದಳು, "ಆಂಟಿ, ಅನೀಶ್ ಅಬ್ ನಹೀ ಆಯೇಗಾ ನಾ?"

"ಏಯ್, ಬಾಯಿ ಮುಚ್ಚು!" ಮೋಹಿನಿ ಗದರಿದಳು.

"ಬಿಡು ಮೋಹಿನಿ," ಎಂದಳು ಅಪರ್ಣಾ. "ಇಲ್ಲ ಪುಟ್ಟಾ, ಅವ ಇನ್ನು ಬರುದಿಲ್ಲ. ಅವ ಸತ್ತುಹೋದ."

ಅಷ್ಟು ತಿಂಗಳಲ್ಲಿ ಆ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಪ್ರಣೀತಾ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟಳು.

"ತೋ ಉಸ್ಕೀ ಕೈಂಚಿ ಮೈ ಲೂ?"

ಅವಳು ಕೇಳಿದ್ದು ಅನೀಶನ ಕತ್ತರಿ, ಎಡಗೈಯವರಿಗೆಂದೇ ಬರುವ ಕೆಂಪು ಹಿಡಿಕೆಯದು. ಅನೀಶನದೂ ಎಡಗೈ, ಅದಕ್ಕಾಗಿ ಇಬ್ಬರೂ ಜಗಳವಾಡುತ್ತಿದ್ದರು. ಅಪರ್ಣಾಳಿಗೆ ಡಬ್ಬಿಯ ಮುಚ್ಚಳ ಹಾಕಿ ಎದ್ದುಹೋಗಬೇಕೆನಿಸಿತು. ಆದರೂ ಕತ್ತರಿ ಕೈಗೆತ್ತಿಕೊಂಡಳು; ಅದರ ಅಲಗಿನಲ್ಲಿ ಒಣಗಿದ ಅಂಟು ಇನ್ನೂ ಇತ್ತು. ಉಗುರಿನಿಂದ ಅದನ್ನು ಕೆರೆದು ತೆಗೆದಳು. ತೆಗೆಯುತ್ತಿದ್ದಂತೆ ಕಣ್ಣು ತುಂಬಿ ಹರಿಯಿತು, ಮಕ್ಕಳೆದುರು ಒರೆಸಿಕೊಳ್ಳಲಿಲ್ಲ.

"ತಗೊ," ಎಂದಳು.

ಪ್ರಣೀತಾ ನಾಲಗೆ ಹೊರಗಿಟ್ಟುಕೊಂಡು ಹೊಟ್ಟೆ ಉಬ್ಬಿದ ಮೀನೊಂದನ್ನು ಕತ್ತರಿಸಿ ಸೀರೆಗೆ ಎಸೆದಳು. "ಇದು ಬಂಗುಡೆ!" ಎಂದಳು, ಕನ್ನಡದಲ್ಲೇ. ಮಕ್ಕಳು ನಕ್ಕರು. ಅಪರ್ಣಾ ಉಳಿದ ಕತೆ ಓದಿದಳು; ಅಲ್ಲಲ್ಲಿ ನಿಲ್ಲಿಸಿದಳು, ಮತ್ತೆ ಓದಿದಳು. ಪುಟ ತಿರುವಿದ್ದು ಮೋಹಿನಿ.

ಮಧ್ಯಾಹ್ನದ ರಶ್ ಮುಗಿಸಿ ಹೃಷೀಕೇಶ ಮನೆಗೆ ಬಂದಾಗ ಅವಳು ಬಾಗಿಲಲ್ಲೇ ಹೇಳಿದಳು.

"ಇವತ್ತು ಮಕ್ಕಳ ಹತ್ರ ಅನೀಶ ಸತ್ತುಹೋದ ಅಂತ ಹೇಳಿದೆ. ಅವನ ಕತ್ತರಿಯನ್ನು ಪ್ರಣೀತಾಗೆ ಕೊಟ್ಟೆ."

ಹೃಷೀಕೇಶ ಚಪ್ಪಲಿ ಬಿಡುವುದನ್ನೂ ಮರೆತು ಅಲ್ಲೇ ಸ್ಟೂಲಿನ ಮೇಲೆ ಕೂತ. ಮಗ ಹೋದ ಮೇಲೆ ಅವನು ಅಳುವುದನ್ನು ಅವಳು ನೋಡಿರಲಿಲ್ಲ. ಈಗ ನೋಡಿದಳು. ಪಕ್ಕದಲ್ಲಿ ನೆಲದ ಮೇಲೆ ಕೂತು ಅವನ ಮೊಣಕಾಲಿಗೆ ತಲೆಯಾನಿಸಿದಳು.

ಕಣ್ಣೊರೆಸಿಕೊಂಡು ಅವನು ಕೇಳಿದ, "ಯಾವ ಕತೆ ಓದಿದ್ದು?"

ಅವಳು ಮೊದಲಿನಿಂದ ಹೇಳತೊಡಗಿದಳು.