ಕೂಸು ಯಾರ ಕೈಯಲ್ಲಿತ್ತು

ಮಕ್ಕಳ ಮೇಲಿನ ಹಿಂಸೆ, ಅಲಕ್ಷ್ಯಗಳ ಅಧ್ಯಯನಕ್ಕೆ ಅರವತ್ತಮೂರು ನಮೂನೆಗಳು ಬಂದಿದ್ದವು. ಪ್ರತಿಯೊಂದರಲ್ಲೂ ‘ಹಾನಿಗೆ ಕಾರಣರಾದವರು’ ಎಂಬ ಅಂಕಣ. ಅದರಲ್ಲಿ ಬರೆಯಬೇಕಾದ ಅಂಕಿ: ತಾಯಿಗೆ ಒಂದು, ತಂದೆಗೆ ಎರಡು, ಬೇರೆಯವರಿಗೆ ಮೂರು. ಸಂಖ್ಯಾಶಾಸ್ತ್ರ ಓದಿದ ನಿಶಾತ ಹೂವಿನಹಡಗಲಿಯ ಬಾಡಿಗೆ ಕೋಣೆಯಲ್ಲಿ ಕುಳಿತು ಅರವತ್ತೆರಡನ್ನು ಮುಗಿಸಿದ್ದಳು. ಮುಕ್ಕಾಲು ಪಾಲು ‘ಒಂದು’. ಸೋಮವಾರ ವರದಿ ಹೋಗಬೇಕು. ಮಕ್ಕಳನ್ನು ನೋಡಿಕೊಳ್ಳುವ ಬಗೆಯನ್ನು ತಿದ್ದಿ ಹೇಳುವ ಶಿಬಿರ ತಾಯಂದಿರಿಗೋ ತಂದೆಯರಿಗೋ ಎಂಬುದು ಅದರ ಮೇಲೆ ನಿಂತಿತ್ತು.

ಕೊನೆಯದನ್ನು ತಂದವಳು ಮನೆಮನೆ ಸುತ್ತಿ ಮಾಹಿತಿ ಬರೆಯುವ ಮಾಗಳದ ಚೌಡಕ್ಕ, ಏಳನೇ ತರಗತಿ ಓದಿದವಳು. ನಾಲ್ಕು ವರ್ಷದ ಹುಡುಗಿಯ ಕಾಲು ಹಂಡೆಯ ಬಿಸಿನೀರಿಗೆ ಬೆಂದಿತ್ತು. ‘ನಂದ ತಪ್ಪು’ ಎಂದು ತಾಯಿ ಸುಜಾತಾ ಆಸ್ಪತ್ರೆಯಲ್ಲಿ ಹೇಳಿದ್ದಳು. ನಿಶಾತ ‘ಒಂದು’ ಬರೆಯಹೋದಳು.

“ತಡೀರಿ ಮೇಡಂ, ಹಾಳಿ ಹೊರಳಿಸಿ ನೋಡ್ರಿ.”

“ಅವಳೇ ಒಪ್ಪ್ಯಾಳಲ್ಲ ಚೌಡಕ್ಕ?”

“ಕೂಸಿಗೆ ಮುಳ್ಳು ಚುಚ್ಚಿದ್ರೂ ತಾಯಿ ಹಂಗ ಅಂತಾಳ. ಅದು ಅಳು ಐತ್ರಿ, ಉತ್ತರ ಅಲ್ಲ.”

ಹಿಂಬದಿಯಲ್ಲಿ ಪೆನ್ಸಿಲ್ಲಿನ ದುಂಡಕ್ಷರಗಳು. ಚೌಡಕ್ಕ ಆ ಮನೆಗೆ ಮೂರು ಸಲ ಹೋಗಿದ್ದಳು. ಕಾಲು ಸುಟ್ಟದ್ದು ಬೆಳಿಗ್ಗೆ ಆರೂವರೆಗೆ. ಒಂದು ನಸುಕಿಗೆ ಮಲ್ಲಿಗೆ ಹೊಲಕ್ಕೂ ಹೋಗಿ, ಹೆಂಗಸರ ಜೊತೆ ಮೊಗ್ಗು ಬಿಡಿಸುತ್ತಲೇ ಕೇಳಿದ್ದಳು. ಆ ದಿನ ಏಳರ ತನಕ ಸುಜಾತಾ ಪಕ್ಕದ ಸಾಲಿನಲ್ಲೇ ಇದ್ದಳೆಂದು ಐವರು ಹೇಳಿದ್ದರು. ಗಂಡ ಪಾಲಾಕ್ಷನ ಮಾತನ್ನು ಅವನು ಹೇಳಿದ ಹಾಗೇ ಬರೆದಿದ್ದಳು: ‘ನಾ ಮನ್ಯಾಗ ಮೊಬೈಲ್ ನೋಡ್ತಿದ್ದೆ. ಕೂಸು ನೋಡೋದು ಅವಳ ಕೆಲಸ.’

“ಅಂದ್ರ ತಪ್ಪು ಅಪ್ಪಂದಾ?”

“ತಪ್ಪು ಯಾರ್ದು ಅಂತ ದೊಡ್ಡವರು ತೀರ್ಮಾನ ಮಾಡ್ಲಿ. ಆವಾಗ ಕೂಸು ಯಾರ ಕೈಯಾಗಿತ್ತು, ಅದನ್ನ ಬರೀರಿ. ಇಲ್ಲಂದ್ರ ಪಾಲಾಕ್ಷ ಮನ್ಯಾಗ ಕುಂದರ್ತಾನ, ಸುಜಾತಾ ನಿಮ್ಮ ಶಿಬಿರಕ್ಕ ಬಂದು ಬುದ್ಧಿ ಕಲೀತಾಳ!”

ನಿಶಾತಳಿಗೆ ನಗು ಬಂತು, ಹಿಂದೆಯೇ ನಾಚಿಕೆಯೂ. ಐದು ವರ್ಷ ಅಳತೆಯ ದೋಷಗಳನ್ನು ಓದಿದವಳು ತಾನು. ಇಲ್ಲಿನ ದೋಷವನ್ನು ಹಿಡಿದವಳು ಮೊಗ್ಗು ಬಿಡಿಸುತ್ತ ಕೇಳಿದ ಈ ಹೆಂಗಸು. ಅಂಕಣದಲ್ಲಿ ‘ಎರಡು’ ಬರೆದು, ಪಕ್ಕದಲ್ಲಿ ಗಂಟೆಯನ್ನೂ ಬರೆದಳು.

ಆಮೇಲೆ ಉಳಿದ ಕಟ್ಟನ್ನು ಬಿಚ್ಚಿದಳು. ತಾಯಿ ಒಪ್ಪಿದ್ದಾಳೆ, ತಾಯಿ ಒಪ್ಪಿದ್ದಾಳೆ. ಬೇರೆಯವರು ತುಂಬಿದ ಆ ನಮೂನೆಗಳಲ್ಲಿ ಎಲ್ಲೂ ಗಂಟೆಯಿಲ್ಲ. ಮೇಲಿನವರಿಗೆ ಫೋನ್ ಮಾಡಿ, ವರದಿ ಸೋಮವಾರ ಬರುವುದಿಲ್ಲ ಎಂದಳು. ಬೈಸಿಕೊಂಡಳು. ಫೋನ್ ಇಟ್ಟು ಕೇಳಿದಳು:

“ಚೌಡಕ್ಕ, ಈ ಮನಿಗಳಿಗೆಲ್ಲ ಮತ್ತ ಹೋಗ್ಬೇಕು. ಹೆಂಗ ಕೇಳ್ಬೇಕು ಅಂತ ನನಗ ಕಲಿಸ್ತೀಯಾ?”

ಚೌಡಕ್ಕ ಆಗಲೇ ಚೀಲ ಹೆಗಲಿಗೇರಿಸಿದ್ದಳು. “ಮೊದಲನೇ ಮನಿ ಯಾವೂರಾಗ?”

“ನೀಲಗುಂದ.”

“ಹರಪನಹಳ್ಳಿ ಬಸ್ ಹತ್ತಕ್ಕೈತಿ. ಪೆನ್ಸಿಲ್ ತಗೊಂಡು ಏಳ್ರಿ.”